ಕೆಂಡಕ್ಕೆ ಗಾಳಿ ಹಾಕುವ ಇಲಾಖೆ

2013ರ ನವೆಂಬರಿನಲ್ಲಿ ಬೀಜಿಂಗ್ ನಗರದ ಅಧಿಕಾರಿಗಳು ಆಕಾಶ ತೊಳೆಯಲು ಹೊರಟರು. ಸುತ್ತಮುತ್ತ ಕಲ್ಲಿದ್ದಲು ಉರಿಸುವ ಸ್ಥಾವರಗಳಿದ್ದವು, ಉಕ್ಕಿನ ಕಾರ್ಖಾನೆಗಳಿದ್ದವು, ರಸ್ತೆ ಮೇಲೆ 50 ಲಕ್ಷಕ್ಕೂ ಹೆಚ್ಚು ವಾಹನಗಳಿದ್ದವು. ಅವಕ್ಕೆಲ್ಲ ಮಾಲೀಕರಿದ್ದರು, ಮಾಲೀಕರಿಗೆ ಬೇಕಾದವರಿದ್ದರು. ಬೇಕಾದವರು ಯಾರೂ ಇಲ್ಲದ ಹೊಗೆ ಎಂದರೆ ಬೀದಿ ಬದಿಯಲ್ಲಿ ಕುರಿಮಾಂಸ ಸುಡುವವನದು. ಮೂರು ತಿಂಗಳಲ್ಲಿ ಜಪ್ತಿ ಮಾಡಿದ 500ಕ್ಕೂ ಹೆಚ್ಚು ಒಲೆಗಳನ್ನು ಗುಡ್ಡೆ ಹಾಕಿ, ಅಧಿಕಾರಿಗಳ ಸಮ್ಮುಖದಲ್ಲಿ, ಕ್ಯಾಮೆರಾಗಳ ಮುಂದೆ ಕತ್ತರಿಸಿ ಹಾಕಿದರು. ಹೊಗೆಮಂಜು ಮಾತ್ರ ಮರುದಿನವೂ ಕೆಲಸಕ್ಕೆ ಹಾಜರಿತ್ತು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಒಲೆಗೆ ರಾಜಯೋಗ ಬಂತು. ಬೀಜಿಂಗಿನಲ್ಲಲ್ಲ, ಶಾನ್‌ಡಾಂಗ್ ಪ್ರಾಂತ್ಯದ ಜಿಬೊ ಎಂಬ ಊರಿನಲ್ಲಿ. ಸುಮಾರು 47 ಲಕ್ಷ ಜನ, ಪೆಟ್ರೋಕೆಮಿಕಲ್, ಪಿಂಗಾಣಿ. ಪ್ರವಾಸಿ ನಕ್ಷೆಯಲ್ಲಿ ಬೆರಳು ಜಾರಿ ಹೋಗುವ ಊರು. ಕೋವಿಡ್ ಕಾಲದಲ್ಲಿ ಇಲ್ಲಿಗೆ ತಂದು ಕ್ವಾರಂಟೈನ್ ಮಾಡಿದ್ದ ಕಾಲೇಜು ಹುಡುಗರಿಗೆ ಊರಿನವರು ಬೀಳ್ಕೊಡುವಾಗ ಬಾರ್ಬೆಕ್ಯೂ ಊಟ ಹಾಕಿದರಂತೆ. 2023ರ ವಸಂತದಲ್ಲಿ ಹುಡುಗರು ಗೆಳೆಯರನ್ನು ಕಟ್ಟಿಕೊಂಡು ಮರಳಿ ಬಂದರಂತೆ. ಈ ‘ಅಂತೆ’ಗಳಿಗೆ ಮೊಬೈಲ್ ವಿಡಿಯೊಗಳು ರೆಕ್ಕೆ ಕಟ್ಟಿದವು. ನೋಡನೋಡುತ್ತಿದ್ದಂತೆ ಇಡೀ ದೇಶವೇ ಜಿಬೊ ರೈಲು ಹತ್ತಿತು.

ಚೈನೀಸ್ ಎಂದರೆ ಗೋಬಿ ಮಂಚೂರಿ ಎಂದು ನಂಬಿ ಬೆಳೆದ ನಮ್ಮಂಥವರಿಗೆ ಅಲ್ಲಿ ಉಣ್ಣುವ ಕ್ರಮ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಟೂಲಿನಷ್ಟೇ ಕುಳ್ಳಗಿನ ಮೇಜು, ಮೇಜಿಗೊಂದು ಉದ್ದನೆಯ ಪುಟ್ಟ ಒಲೆ, ಒಳಗೆ ಇದ್ದಿಲ ಕೆಂಡ. ಕಡ್ಡಿಗೆ ಚುಚ್ಚಿದ ಮಾಂಸ ಮುಕ್ಕಾಲು ಬೆಂದು ಬರುತ್ತದೆ. ಉಳಿದ ಕಾಲುಭಾಗ ಗಿರಾಕಿಯ ಪಾಲಿನ ಕೆಲಸ. ಕೊಬ್ಬು ತೊಟ್ಟಿಕ್ಕಿ ಕೆಂಡ ಚುರ್ ಎಂದಾಗ ಕಡ್ಡಿ ತಿರುಗಿಸಬೇಕು, ಮೇಲೆ ಜೀರಿಗೆ, ಖಾರದ ಪುಡಿ ಉದುರಿಸಬೇಕು. ಅಂಗೈ ಮೇಲೆ ತೆಳ್ಳನೆಯ ಸಣ್ಣ ರೊಟ್ಟಿ ಹರವಿ, ಚಟ್ನಿ ಸವರಿ, ಈರುಳ್ಳಿ ಸೊಪ್ಪು ಇಟ್ಟು, ಎರಡು ಮೂರು ಕಡ್ಡಿಗಳನ್ನು ಅದರಲ್ಲಿ ಮಲಗಿಸಿ, ಮುಷ್ಟಿ ಬಿಗಿ ಹಿಡಿದು ಕಡ್ಡಿಗಳನ್ನು ಸರಕ್ಕನೆ ಎಳೆಯಬೇಕು. ಮಾಂಸ ಒಳಗುಳಿದರೆ ನೀವು ಪಳಗಿದವರು. ಕಡ್ಡಿಯ ಜೊತೆಗೇ ಹೊರಬಂದು ಪಕ್ಕದವರ ಅಂಗಿ ಮೇಲೆ ಬಿದ್ದರೆ ಪ್ರವಾಸಿಗರು. ಮನೆಯಲ್ಲಿ ಒಗ್ಗರಣೆಗೂ ಸೌಟು ಮುಟ್ಟದ ಗಂಡಸು ಸಾವಿರ ಕಿಲೋಮೀಟರ್ ಪ್ರಯಾಣ ಮಾಡಿ, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ದುಡ್ಡು ಕೊಟ್ಟು ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತಾನೆ. ಹೆಂಡತಿ ವಿಡಿಯೊ ಮಾಡುತ್ತಾಳೆ. ಮಾಡಬೇಕಾದದ್ದೇ, ಸಾಕ್ಷಿ ಬೇಕಲ್ಲ.

ಈ ಜೀರಿಗೆ-ಖಾರದ ರುಚಿಯನ್ನು ದೇಶಕ್ಕೆಲ್ಲ ಹಂಚಿದವರು ಶಿನ್‌ಜಿಯಾಂಗಿನ ಉಯ್ಗರ್ ಮುಸ್ಲಿಮರು. ಅವರ ಮಸಾಲೆಗೆ ಚೀನಾದಲ್ಲಿ ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯವಿದೆ.

ಇನ್ನು ಜಿಬೊದ ಸರ್ಕಾರ. ಅದರ ಉತ್ಸಾಹ ನೋಡಿದರೆ ಕಡ್ಡಿಗಳೇ ಬೆವರಬೇಕು. ಮಾರ್ಚ್ ಕೊನೆಗೆ ಜಿನಾನ್‌ನಿಂದ ಬಾರ್ಬೆಕ್ಯೂ ವಿಶೇಷ ರೈಲು ಹೊರಟಿತು. ಸಂಸ್ಕೃತಿ-ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳು ಖುದ್ದು ರೈಲು ಹತ್ತಿ ಪ್ರಯಾಣಿಕರಿಗೆ ಉಡುಗೊರೆ ಹಂಚಿದರು. ಬಾರ್ಬೆಕ್ಯೂ ಸಂಘ ಹುಟ್ಟಿತು, ಬಾರ್ಬೆಕ್ಯೂ ನಕ್ಷೆ ಬಂತು, ಬಾರ್ಬೆಕ್ಯೂಗೆಂದೇ 21 ಬಸ್ ಮಾರ್ಗಗಳು ಬಂದವು. 10,000 ಜನ ಒಟ್ಟಿಗೆ ಕೂತು ತಿನ್ನುವ ‘ಬಾರ್ಬೆಕ್ಯೂ ನಗರಿ’ ಸುಮಾರು 20 ದಿನದಲ್ಲಿ ಎದ್ದು ನಿಂತಿತು. ಒಂದು ಮೋರಿ ಮುಚ್ಚಲು ಎರಡು ಮಳೆಗಾಲ ಕಾಯುವ ನಾವು ಇಂಥದ್ದನ್ನು ಓದಬಾರದು, ರಕ್ತದೊತ್ತಡಕ್ಕೆ ಒಳ್ಳೆಯದಲ್ಲ. ಕಡೆಗೆ ಏಪ್ರಿಲ್‌ನಲ್ಲಿ ಅದೇ ಸರ್ಕಾರ ಪ್ರವಾಸಿಗರಿಗೆ ಬಹಿರಂಗ ಪತ್ರ ಬರೆಯಿತು: ಮೇ ದಿನದ ರಜೆಗೆ ಹೋಟೆಲ್ ಕೋಣೆಗಳೆಲ್ಲ ಭರ್ತಿ, ದಯವಿಟ್ಟು ಬೇರೆ ಸಮಯ ನೋಡಿಕೊಳ್ಳಿ, ನಮ್ಮ ಪ್ರಾಂತ್ಯದ ಬೇರೆ ಊರುಗಳೂ ಚೆನ್ನಾಗಿವೆ. ಜನ ಇದನ್ನು ಆಮಂತ್ರಣ ಪತ್ರಿಕೆ ಎಂದೇ ಓದಿಕೊಂಡು ಬಂದರು.

ಆದರೆ ಜಿಬೊದ ಕೀರ್ತಿಗೆ ಕಳಶ ಇಟ್ಟದ್ದು ಮಾಂಸವಲ್ಲ, ತಕ್ಕಡಿ. ಅಂಗಡಿಗಳ ತೂಕದ ಮೋಸ ಬಯಲು ಮಾಡುವುದನ್ನೇ ಕಸುಬು ಮಾಡಿಕೊಂಡ ವಿಡಿಯೊಗಾರನೊಬ್ಬ ಅಲ್ಲಿನ ಬಾದಾಜು ಮಾರುಕಟ್ಟೆಗೆ ಬಂದ. 10 ಅಂಗಡಿಗಳಲ್ಲಿ ಸಾಮಾನು ಕೊಂಡು ತನ್ನ ತಕ್ಕಡಿಯಲ್ಲಿ ತೂಗಿದ. ಹತ್ತಕ್ಕೆ ಹತ್ತರಲ್ಲೂ ತೂಕ ಸರಿಯಾಗಿತ್ತು. ಅಷ್ಟೇ. ಸುದ್ದಿ ಕಾಳ್ಗಿಚ್ಚಾಯಿತು, ಬಾದಾಜು ಯಾತ್ರಾಸ್ಥಳವಾಯಿತು. ಕಾಲು ಕಿಲೋ ಕೇಳಿದರೆ ಕಾಲು ಕಿಲೋ ಕೊಡುತ್ತಾರೆ ಎಂಬ ಪವಾಡವನ್ನು ಕಣ್ಣಾರೆ ಕಾಣಲು ಜನ ರೈಲು ಹಿಡಿದು ಬಂದರು.

ನಗುವ ಮುಂಚೆ ಅವರ ಕಷ್ಟವನ್ನೂ ಕೇಳಬೇಕು. 2013ರ ಮೇ ತಿಂಗಳಲ್ಲಿ ಚೀನಾದ ಸಾರ್ವಜನಿಕ ಭದ್ರತಾ ಸಚಿವಾಲಯವೇ ಹೇಳಿದ ಲೆಕ್ಕದ ಪ್ರಕಾರ, ಕಲಬೆರಕೆ ಮಾಂಸದ ಪ್ರಕರಣಗಳಲ್ಲಿ ಮೂರೇ ತಿಂಗಳಲ್ಲಿ 904 ಮಂದಿ ಬಂಧನಕ್ಕೊಳಗಾಗಿದ್ದರು. ಒಂದು ತಂಡವಂತೂ ಇಲಿ, ಮಿಂಕ್, ನರಿಗಳ ಮಾಂಸಕ್ಕೆ ಬಣ್ಣ ಬೆರೆಸಿ ಕುರಿಮಾಂಸ ಎಂದು ಮಾರಿತ್ತು. ನರಿಗಳು ಚೆಲುವೆಯರಾಗಿ ಬಂದು ಬಡಪಾಯಿ ವಿದ್ಯಾರ್ಥಿಗಳನ್ನು ಮರುಳು ಮಾಡುವ ಕಥೆಗಳನ್ನು ಬರೆದ ಪು ಸೊಂಗ್ಲಿಂಗ್ ಇದೇ ಜಿಬೊ ಸೀಮೆಯವನು. ನರಿ ಕುರಿಯಾಗಿ ಬಂದು ವಿದ್ಯಾರ್ಥಿಯ ಹೊಟ್ಟೆಗೇ ಇಳಿಯಬಹುದೆಂದು ಅವನಿಗೂ ಹೊಳೆದಿರಲಿಲ್ಲ. 2015ರಲ್ಲಿ ಇದೇ ಪ್ರಾಂತ್ಯದ ಚಿಂಗ್‌ಡಾವ್ ನಗರದ ಹೋಟೆಲೊಂದರಲ್ಲಿ 38 ಯುವಾನ್ ಎಂದು ಬರೆದಿದ್ದ ಸಿಗಡಿಯನ್ನು ಒಂದು ಪ್ಲೇಟಿನ ದರವೆಂದು ನಂಬಿ ಗಿರಾಕಿ ತಿಂದ. ಬಿಲ್ ಬಂದಾಗ ತಿಳಿಯಿತು, ಅದು ಒಂದೊಂದು ಸಿಗಡಿಯ ದರ. ಕೋಟಿಗಟ್ಟಲೆ ಸುರಿದು ‘ಅತಿಥಿಪ್ರಿಯ ಶಾನ್‌ಡಾಂಗ್’ ಎಂದು ಜಾಹೀರಾತು ಮಾಡಿದ್ದ ಪ್ರಾಂತ್ಯದ ಮಾನ ಒಂದು ಪ್ಲೇಟ್ ಸಿಗಡಿಗೆ ಹೋಯಿತು. ಇಷ್ಟೆಲ್ಲ ತಿಂದು ಜೀರ್ಣಿಸಿಕೊಂಡವರಿಗೆ ನೆಟ್ಟಗಿನ ತಕ್ಕಡಿಯ ಮುಳ್ಳು ದೇವರಂತೆ ಕಂಡರೆ ಆಶ್ಚರ್ಯವೇನು?

ಬೇರೆ ಊರುಗಳ ಅಧಿಕಾರಿಗಳು ಸುಮ್ಮನಿರುತ್ತಾರೆಯೇ? ತಂಡ ಕಟ್ಟಿಕೊಂಡು ಜಿಬೊಗೆ ಅಧ್ಯಯನ ಪ್ರವಾಸ ಬಂದರು. ‘ಅಧ್ಯಯನ’ ಮುಗಿಸಿ ಬಾಯಿ ಒರೆಸಿಕೊಂಡು ಹೋದರು. ಮತ್ತೆ ಕೆಲವು ಊರುಗಳ ಪ್ರವಾಸೋದ್ಯಮ ಇಲಾಖೆಯ ಮುಖ್ಯಸ್ಥರು ಪ್ರಾಚೀನ ಕಾಲದ ಉಡುಪು ತೊಟ್ಟು, ಕತ್ತಿ ಹಿಡಿದು, ತಮ್ಮೂರಿಗೆ ಬನ್ನಿರೆಂದು ತಾವೇ ವಿಡಿಯೊಗಳಲ್ಲಿ ಅಭಿನಯಿಸಿದರು. ಕಡತ ಹಿಡಿದು ಗತ್ತಿನಲ್ಲಿ ಕೂರುತ್ತಿದ್ದವರು ವೇಷ ಕಟ್ಟಿ ಕುಣಿದರೆ ನೋಡುವವರಿಗೆ ಸುಖವೇ. ಆ ವೇಷದಲ್ಲೇ ಮರುದಿನ ಕಚೇರಿಗೆ ಬಂದು ಒಂದು ಅರ್ಜಿ ವಿಲೇವಾರಿ ಮಾಡಿದ್ದರೆ ಇನ್ನೂ ಹೆಚ್ಚು ಜನ ನೋಡುತ್ತಿದ್ದರೇನೋ.

ಬೇಸಿಗೆ ಕಳೆಯುವಷ್ಟರಲ್ಲಿ ಜಿಬೊದ ಸಾಲು ಕರಗಿತು. ಊರಿನವರ ಹೊಟ್ಟೆಯ ಲೆಕ್ಕ ನೋಡದೆ ಸಾಲ ಮಾಡಿ ಅಂಗಡಿ ತೆರೆದವರು ಬಾಗಿಲಿಗೆ ‘ಅಂಗಡಿ ಕೊಡುವುದಿದೆ’ ಎಂದು ಚೀಟಿ ಅಂಟಿಸಿದರು. ಚಳಿಗಾಲಕ್ಕೆ ಜನ ಹಿಮ ನೋಡಲು ಹಾರ್ಬಿನ್‌ಗೆ ಹೋದರು. 2024ರ ಮಾರ್ಚ್‌ನಲ್ಲಿ ಗಾನ್ಸು ಪ್ರಾಂತ್ಯದ ತಿಯಾನ್‌ಶುಯ್ ಎಂಬ ಊರಿನ ಮಾಲಾತಾಂಗ್ ಸರದಿ: ಕಡ್ಡಿಗೆ ಚುಚ್ಚಿದ್ದೇ, ಆದರೆ ಸುಡುವುದಿಲ್ಲ, ಖಾರದ ಸಾರಿನಲ್ಲಿ ಬೇಯಿಸುತ್ತಾರೆ. ಅಲ್ಲಿಯೂ ವಿಶೇಷ ಬಸ್ಸು ಬಂತು, ಅಧಿಕಾರಿಗಳು ನಗುನಗುತ್ತ ಸ್ವಾಗತಕ್ಕೆ ನಿಂತರು. ಅಡುಗೆಯನ್ನು ಅಂಗಡಿಯವರೇ ಮಾಡಿಕೊಡುತ್ತಾರೆ ಎಂಬುದೊಂದೇ ಈ ಸಲದ ಸುಧಾರಣೆ.