ಕ್ಲೀನರ್ ಸೀಟು

ಲಾರಿಯಲ್ಲಿ ಡ್ರೈವರನ ಎಡಕ್ಕೆ ಕೂರುವ ಹುಡುಗನ ಕೆಲಸ ಇಂಥದ್ದೇ ಎಂದು ಯಾರೂ ಬರೆದಿಟ್ಟ ಹಾಗಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಸ್ಕೂಟರಿನವರನ್ನು ಬೈಯುವುದು, ಬಾಗಿಲನ್ನು ಅಂಗೈಯಿಂದ ಎರಡು ಸಲ ಬಡಿದು ‘ರೈಟ್’ ಎನ್ನುವುದು, ರಿವರ್ಸ್ ತೆಗೆಯುವಾಗ ಹಿಂದೆ ನಿಂತು ‘ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್’ ಎಂದು ಕೂಗುವುದು, ಏರಿನಲ್ಲಿ ಗಾಡಿ ನಿಂತರೆ ಹಾರಿ ಇಳಿದು ಹಿಂದಿನ ಗಾಲಿಗೆ ಕಲ್ಲು ಇಡುವುದು, ರಾತ್ರಿಯಿಡೀ ಮಾತಾಡುತ್ತ ಡ್ರೈವರನ ಕಣ್ಣು ಮುಚ್ಚದಂತೆ ಕಾಯುವುದು. ಸಂಬಳ ಕಡಿಮೆ, ಅಪಾಯ ಮಾತ್ರ ಸಮಪಾಲು. ಈ ಹುದ್ದೆಗೆ ನನ್ನ ಹೆಂಡತಿ ನನ್ನನ್ನು ಮನಾಲಿಯಲ್ಲಿ ನೇಮಕ ಮಾಡಿಕೊಂಡಳು.

ಗಾಡಿ ಅವಳ ತಮ್ಮನದು. ಚಂಡೀಗಢದಲ್ಲಿ ಕೆಲಸಕ್ಕಿರುವ ಅವನಿಗೆ ಮನಾಲಿಯಿಂದ ಲೇಹ್‌ಗೆ ರಸ್ತೆಯಲ್ಲೇ ಹೋಗಬೇಕೆಂಬ ಹುಚ್ಚು. ಆದರೆ ತಾನೇ ಸ್ಟೇರಿಂಗ್ ಹಿಡಿದರೆ ವಿಡಿಯೊ ತೆಗೆಯುವವರು ಯಾರು? ಈ ತಾಂತ್ರಿಕ ತೊಂದರೆಯಿಂದಾಗಿ ಅವನು ಮೊದಲೇ ಹಿಂದಿನ ಸೀಟು ಹಿಡಿದಿದ್ದ. ಉಳಿದವರು ನಾವಿಬ್ಬರು. ನಾನು ದಾವಣಗೆರೆಯವನು. ನಮ್ಮ ಕಡೆ ರಸ್ತೆಯಲ್ಲಿ ಎತ್ತರ ಎಂದರೆ ಹಂಪು, ಆಳ ಎಂದರೆ ಗುಂಡಿ. ಎರಡನ್ನೂ ನಾನು ಸಮರ್ಥವಾಗಿಯೇ ನಿಭಾಯಿಸುತ್ತೇನೆ. ಹೆಂಡತಿ ತೀರ್ಥಹಳ್ಳಿಯವಳು. ಅಪ್ಪನ ಹಳೇ ಜೀಪಿನಲ್ಲಿ ಅಡಿಕೆ ಮೂಟೆಗಳ ಮೇಲೆ ಕೂತು ಬೆಳೆದು, ಕಾಲು ಕ್ಲಚ್ಚಿಗೆ ಎಟುಕಿದ ಮೇಲೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ವಿದ್ಯಾಭ್ಯಾಸ ಮುಗಿಸಿದವಳು. ರಸ್ತೆ ನೇರವಾಗಿದ್ದರೆ ಅವಳಿಗೆ ಆಕಳಿಕೆ ಬರುತ್ತದೆ. ಹೀಗಾಗಿ ಯಾರು ಓಡಿಸಬೇಕೆಂಬ ಚರ್ಚೆಯೇ ನಡೆಯಲಿಲ್ಲ.

“ಘಾಟಿ ಅಂದ್ರೆ ಎಲ್ಲಾ ಒಂದೇ ಕಣ್ರೀ” ಎಂದಳು.

ಒಂದೇ ಅಲ್ಲ ಎಂದು ಭಾವಮೈದ ಅಂಕಿ ಸಮೇತ ತಿಳಿಸಿದ. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1930 ಮೀಟರ್. ಪ್ರಯಾಣ ಶುರುವಾಗುವ ಮನಾಲಿಯೇ ಅದಕ್ಕಿಂತ ಎತ್ತರದಲ್ಲಿದೆ. ಅಂದರೆ ನಾವು ಗಾಡಿಗೆ ಚಾವಿ ಹಾಕುವ ಮೊದಲೇ ಇಡೀ ಕರ್ನಾಟಕ ನಮ್ಮ ಕಾಲಕೆಳಗೆ. ಮುಂದೆ ಬಾರಾಲಾಚಾ ಲಾ 16,000 ಅಡಿ, ಲಾಚುಲುಂಗ್ ಲಾ 16,600 ಅಡಿ, ಕೊನೆಗೆ ಟಾಂಗ್ಲಾಂಗ್ ಲಾ 17,480 ಅಡಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧ. “ಅರ್ಧ ಉಸಿರು ಭಾವ, ಅರ್ಧ!” ಎಂದು ಅವನು ಖುಷಿಯಿಂದ ಹೇಳಿದ, ಯಾವುದೋ ಅಂಗಡಿಯ ಆಷಾಢದ ರಿಯಾಯಿತಿ ಸಾರುವವನ ದನಿಯಲ್ಲಿ.

ಮನಾಲಿ ಬಿಟ್ಟ ಸ್ವಲ್ಪ ಹೊತ್ತಿಗೆ ಅಟಲ್ ಸುರಂಗ. 2020ರ ಅಕ್ಟೋಬರಿನಲ್ಲಿ ಸಂಚಾರಕ್ಕೆ ತೆರೆದ, 9 ಕಿಲೋಮೀಟರಿಗಿಂತ ಚೂರು ಉದ್ದದ ಸುರಂಗ. ಇದು ಬಂದ ಮೇಲೆ ರೋಹ್ತಾಂಗ್ ಕಣಿವೆಯ ದಾರಿಯನ್ನು ಹತ್ತಿ ಇಳಿಯುವ ಕಷ್ಟ ತಪ್ಪಿ 46 ಕಿಲೋಮೀಟರ್ ಉಳಿಯಿತು. ಗಾಜಿನಾಚೆ ನೋಡಲು ಏನೂ ಇಲ್ಲ ಎಂದು ಭಾವಮೈದ ಗೊಣಗಿದ. ನನಗಂತೂ ಹಿಮಾಲಯದಲ್ಲಿ ಅತ್ಯಂತ ರಮಣೀಯ ಅನಿಸಿದ್ದು ಆ 9 ಕಿಲೋಮೀಟರೇ. ಎಡಕ್ಕೆ ಗೋಡೆ, ಬಲಕ್ಕೆ ಗೋಡೆ, ಮೇಲೆ ಸಿಮೆಂಟು, ತುಂಬಾ ದೀಪ. ಇಂಥದ್ದೇ ಸುರಂಗ ಲೇಹ್‌ವರೆಗೂ ಕೊರೆದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಇಬ್ಬರೂ ಉತ್ತರ ಕೊಡಲಿಲ್ಲ.

ಸುರಂಗದ ಆಚೆ ಲಾಹೌಲ್. ತಾಂಡಿಯ ಬಂಕಿನಲ್ಲಿ ಪೆಟ್ರೋಲು ತುಂಬಿಸಿದೆವು. ಮುಂದಿನ ಬಂಕು 365 ಕಿಲೋಮೀಟರ್ ದೂರ ಎಂಬ ಅಲ್ಲಿನ ಫಲಕ ಹೆಸರುವಾಸಿ. ಎಲ್ಲರೂ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ನಿಲ್ಲಲಿಲ್ಲ. ಹೆದರಿಸುವವರ ಪಕ್ಕ ನಿಂತು ನಗುವುದು ನನ್ನ ಜಾಯಮಾನವಲ್ಲ. ಎತ್ತರಕ್ಕೆ ಮೈ ಒಗ್ಗಲಿ ಎಂದು ಜಿಸ್ಪಾದಲ್ಲಿ ತಂಗಿ, ಮಾರನೇ ದಿನ ಬೆಳಕು ಹರಿಯುವ ಮೊದಲೇ ಹೊರಟೆವು. ಹೊರಡಿಸಿದವಳು ಹೆಂಡತಿ. ದಾರಿಗೆ ಅಡ್ಡಲಾಗಿ ಹರಿಯುವ ನಾಲಾಗಳು ಬೆಳಿಗ್ಗೆ ಸಾಧು, ಬಿಸಿಲೇರಿ ಮೇಲಿನ ಹಿಮ ಕರಗಿತೆಂದರೆ ಮಧ್ಯಾಹ್ನಕ್ಕೆ ರೌಡಿ ಎಂದು ಢಾಬಾದವನು ಅವಳಿಗೆ ಹೇಳಿದ್ದನಂತೆ.

ಜಿಂಗ್‌ಜಿಂಗ್‌ಬಾರ್ ದಾಟಿ ಒಂದು ಸಾಧು ನಾಲಾ ಸಿಕ್ಕಿತು. ನೀರಿನ ಕೆಳಗೆ ಕಲ್ಲು ಎಷ್ಟು ದೊಡ್ಡದಿದೆ, ಗುಂಡಿ ಎಲ್ಲಿದೆ ಎಂದು ಗಾಡಿಯೊಳಗಿಂದ ಗೊತ್ತಾಗುವುದಿಲ್ಲ. ಹೆಂಡತಿ ಗಾಡಿ ನಿಲ್ಲಿಸಿ ನನ್ನ ಕಡೆ ನೋಡಿದಳು. ಹಿಂದಿನಿಂದ ಭಾವಮೈದನೂ ನನ್ನ ಕಡೆ ನೋಡಿದ, ಮೊಬೈಲಿನ ಮೂಲಕ. ಪ್ಯಾಂಟು ಮಡಚಿ ಇಳಿದೆ. ಸ್ವಲ್ಪ ಹೊತ್ತಿನ ಮುಂಚೆ ಹಿಮವಾಗಿದ್ದ ನೀರು. ಮೊಣಕಾಲಿನ ಕೆಳಗಿರುವುದು ಯಾರ ಕಾಲು ಎಂದು ನನಗೇ ಅನುಮಾನ ಬಂತು. ಆದರೂ ಎಡಕ್ಕೆ ಒತ್ತು, ಬಲಕ್ಕೆ ಬಿಡು ಎಂದು ಕೈಸನ್ನೆ ಮಾಡಿ ದಾಟಿಸಿದೆ. ಆಚೆ ದಡದಲ್ಲಿ ಬಾಗಿಲನ್ನು ಅಂಗೈಯಿಂದ ಎರಡು ಸಲ ಬಡಿದೆ. ಯಾರೂ ಹೇಳಿಕೊಟ್ಟದ್ದಲ್ಲ. ತಾನಾಗಿ ಬಂತು.

ಈ ಸೀಟಿನ ನಿಜವಾದ ದುಡಿಮೆ ಮಾತ್ರ ಕೂತಲ್ಲೇ ನಡೆಯುತ್ತದೆ. ಡ್ರೈವರಿಗೆ ಕೈಯಲ್ಲಿ ಚಕ್ರವಿದೆ, ಕಾಲಲ್ಲಿ ಮೂರು ಪೆಡಲುಗಳಿವೆ. ಹೆದರುವುದಕ್ಕೆ ಪುರುಸೊತ್ತಿಲ್ಲ. ಎಡಗಡೆಯವನಿಗೆ ಹೆದರುವುದನ್ನು ಬಿಟ್ಟು ಬೇರೆ ಉದ್ಯೋಗವಿಲ್ಲ. ನನ್ನ ಬಲಗಾಲಿನ ಕೆಳಗೆ ಒಂದು ಬ್ರೇಕು ತಾನಾಗಿ ಹುಟ್ಟಿಕೊಂಡಿತು. ಪ್ರತಿ ತಿರುವಿನಲ್ಲೂ ಅದನ್ನು ಹೆಂಡತಿಗಿಂತ ಮೊದಲು ಒತ್ತಿದವನು ನಾನು. “ಮ್ಯಾಟ್ ಹರಿದುಹೋಗತ್ತೆ ರೀ, ಅವನ ಗಾಡಿ” ಎಂದು ಅವಳು ಆಗಾಗ ಎಚ್ಚರಿಸುತ್ತಿದ್ದಳು. ಎದುರಿನಿಂದ ಲಾರಿ ಬಂದಾಗ ಹೊಟ್ಟೆ ಒಳಗೆಳೆದುಕೊಂಡು ಗಾಡಿಯ ಅಗಲ ಕಡಿಮೆ ಮಾಡುವ ಹೊಣೆಯೂ ನನ್ನದೇ. ಎಡಕ್ಕೆ ಪ್ರಪಾತ ಬಂದಾಗ ಬಲಕ್ಕೆ ವಾಲಿ ಸಮತೂಕ ಕಾಯ್ದುಕೊಳ್ಳುವುದೂ ನನ್ನದೇ. ಲೇಹ್ ತಲುಪಿದ ಮೇಲೆ ಅವಳಿಗೆ ಭುಜ ಕೂಡ ನೋಯಲಿಲ್ಲ, ನನಗೆ ಮೈಯೆಲ್ಲ ಹಣ್ಣುಗಾಯಿ.

ಹಿಂದಿನ ಸೀಟಿನಲ್ಲಿ ಎತ್ತರದ ಪ್ರಕಟಣೆ ನಡೆದೇ ಇತ್ತು. ಖಾರ್ದುಂಗ್ ಲಾದ ಫಲಕದಲ್ಲಿ ವರ್ಷಗಟ್ಟಲೆ 18,380 ಅಡಿ ಎಂದು ಬರೆದಿದ್ದರೂ ಅಳೆದವರಿಗೆ ಸಿಕ್ಕಿದ್ದು 17,582 ಅಡಿ ಮಾತ್ರ, 2021ರಲ್ಲಿ ಗಿನ್ನೆಸ್ ಮನ್ನಣೆ ಸಿಕ್ಕ ಉಮ್ಲಿಂಗ್ ಲಾ ರಸ್ತೆ 19,024 ಅಡಿ, ಹೀಗೆ. ನನಗನ್ನಿಸುವಂತೆ ಬೆಟ್ಟದ ರಸ್ತೆಯ ಬಗ್ಗೆ ಜನ ಬೇಡದ ಅಳತೆಯನ್ನೇ ಹಿಡಿದು ಜಗ್ಗಾಡುತ್ತಾರೆ. ಎತ್ತರ ಎಷ್ಟಿದ್ದರೇನು? ನೂರು ಅಡಿಯಿಂದ ಬಿದ್ದರೂ ಹದಿನೇಳು ಸಾವಿರದಿಂದ ಬಿದ್ದರೂ ಪಂಚನಾಮೆ ಒಂದೇ. ಫಲಕದಲ್ಲಿ ಬರೆಯಬೇಕಾದದ್ದು ಅಗಲ. ‘ಮುಂದಿನ ತಿರುವಿನಲ್ಲಿ ನಿಮ್ಮ ಎಡಗಾಲಿಯಿಂದಾಚೆ ಇಷ್ಟು ನೆಲ ಇದೆ’ ಎಂದು ಇಂಚಿನಲ್ಲಿ ಬರೆದರೆ ಸಾಕು. ಕಣ್ಣು ಮುಚ್ಚಬೇಕೋ ಬೇಡವೋ ಎಂದು ಎಡಗಡೆಯವನು ತೀರ್ಮಾನಿಸುತ್ತಾನೆ.

ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಕಾರು ನಮ್ಮದು. ನಮ್ಮಂತೆ ಅದಕ್ಕೂ ಉಸಿರು ಬೇಕಲ್ಲ. ಗಾಳಿ ತೆಳುವಾದಂತೆ ಎಂಜಿನ್ನಿನ ಶಕ್ತಿಯೂ ಸೋರಿ, ಬಾರಾಲಾಚಾ ಹತ್ತುವ ಹೊತ್ತಿಗೆ ಎರಡನೇ ಗೇರು ಬರೀ ಹೆಸರಿಗೆ. “ಎಸಿ ಆಫ್ ಮಾಡ್ರೀ” ಎಂದಳು. ಮಾಡಿದೆ. ಮೊದಲನೇ ಗೇರಿನಲ್ಲಿ ನರಳುತ್ತ ಹತ್ತಿತು. ಅಷ್ಟರಲ್ಲಿ ನನ್ನ ಕಿವಿಯ ಹಿಂದೆಯೇ ಢಬ್ ಎಂಬ ಸದ್ದು. ಟೈರು ಹೋಯಿತು ಎಂದು ನನ್ನ ಖಾಸಗಿ ಬ್ರೇಕನ್ನು ಎರಡೂ ಕಾಲಿನಿಂದ ಒತ್ತಿದೆ. ಹೊರಗಿನ ಒತ್ತಡ ಕಡಿಮೆಯಾದಂತೆ ಉಬ್ಬುತ್ತಲೇ ಬಂದಿದ್ದ ಚಿಪ್ಸ್ ಪ್ಯಾಕೆಟ್ಟು ಭಾವಮೈದನ ತೊಡೆಯ ಮೇಲೆ ಒಡೆದಿತ್ತು. ಅವನು ಅದನ್ನೂ ವಿಡಿಯೊ ಮಾಡಿದ.

ಇಳಿಜಾರಿನಲ್ಲಿ ನಮ್ಮಿಬ್ಬರ ಊರುಗಳ ನಡುವಿನ ಸೈದ್ಧಾಂತಿಕ ಭಿನ್ನಾಭಿಪ್ರಾಯ ಬಯಲಿಗೆ ಬಂತು. ಬಯಲುಸೀಮೆಯಲ್ಲಿ ಇಳಿಜಾರು ಸಿಗುವುದೇ ಅಪರೂಪ. ಸಿಕ್ಕಾಗ ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲು ಉಳಿಸುವುದು ನಮ್ಮಲ್ಲಿ ಸಂಸ್ಕಾರ. ಇದನ್ನು ಸಲಹೆಯಾಗಿ ಮುಂದಿಟ್ಟೆ. ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯದೆ ಕ್ಲಾಸು ತೆಗೆದುಕೊಂಡಳು. ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು. ಗಾಡಿಯನ್ನು ಎಂಜಿನ್ನು ಹಿಡಿದುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಬಿಟ್ಟು ಮೈಲುಗಟ್ಟಲೆ ಬ್ರೇಕಿನ ಮೇಲೇ ನಿಂತರೆ ಲೈನರ್ ಕಾದು ಹಿಡಿತ ಕಳೆದುಕೊಳ್ಳುತ್ತದೆ, ಬ್ರೇಕ್ ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಆಮೇಲೆ ಪೆಡಲು ನೆಲಕ್ಕೆ ತಾಗುವಷ್ಟು ಒತ್ತಿದರೂ ಒಳಗೆ ಗುಳ್ಳೆ ಮಾತ್ರ ಅಮುಕುತ್ತದೆ, ಗಾಡಿ ನಿಲ್ಲುವುದಿಲ್ಲ. “ನಿಮ್ಮ ಕಡೆ ಆ ಬ್ರೇಕ್ ಹೇಗೆ ಕೆಲಸ ಮಾಡ್ತಿದೆಯೋ, ಹಾಗೆ” ಎಂದು ನನ್ನ ಕಾಲಿನತ್ತ ಗದ್ದ ತಿರುಗಿಸಿದಳು.

ಸರ್ಚು ದಾಟಿದರೆ ಹಿಮಾಚಲ ಮುಗಿದು ಲಡಾಖ್. ಈ ರಸ್ತೆಗಳನ್ನು ನೋಡಿಕೊಳ್ಳುವುದು 1960ರಲ್ಲಿ ಹುಟ್ಟಿದ ಗಡಿ ರಸ್ತೆಗಳ ಸಂಸ್ಥೆ. ಬೇಸಿಗೆಯ ಕೆಲವೇ ತಿಂಗಳಲ್ಲಿ ಹಿಮ ಬಗೆದು, ಕುಸಿದದ್ದನ್ನು ಕಟ್ಟಿ, ಮತ್ತೆ ಹಿಮ ಬೀಳುವವರೆಗೆ ದಾರಿ ತೆರೆದಿಡುವವರು. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ದಾರಿಬದಿಗೆ ಅವರು ನೆಡುವ ಪ್ರಾಸಬದ್ಧ ಇಂಗ್ಲಿಷ್ ಫಲಕಗಳನ್ನು ಬರೆಯುವವರ ಸಂಸಾರ ಹೇಗಿದೆಯೋ ಎಂಬ ಕುತೂಹಲವೂ ಇದೆ. ಅರ್ಧಕ್ಕರ್ಧ ಬುದ್ಧಿವಾದ ದಾಂಪತ್ಯದ್ದೇ. ಮದುವೆಯಾಗಿದ್ದರೆ ವೇಗಕ್ಕೆ ವಿಚ್ಛೇದನ ಕೊಡಿ ಎಂದು ಒಂದು. ಹರಟೆ ಹೊಡೆಯಬೇಡಿ, ಅವನನ್ನು ಗಾಡಿ ಓಡಿಸಲು ಬಿಡಿ ಎಂದು ಇನ್ನೊಂದು. ಈ ಎರಡನೆಯದನ್ನು ಓದಿ ಹೆಂಡತಿ ಗಾಡಿ ನಿಧಾನ ಮಾಡಿದಳು. “ಓಡಿಸೋನು ಗಂಡು, ಹರಟೋಳು ಹೆಣ್ಣು ಅಂತ ಇವರಿಗೆ ಯಾರು ಹೇಳಿದ್ದು? ನಮ್ಮ ಗಾಡಿಯಲ್ಲಿ ಬೆಳಿಗ್ಗೆಯಿಂದ ಯಾರು ಮಾತಾಡ್ತಿರೋದು?” ಎಂದು ಕೇಳಿದಳು. ನಾನು ಬೆಟ್ಟದ ಬಣ್ಣವನ್ನು ನೋಡುತ್ತಿದ್ದೆ.

ಆಮೇಲೆ ಗಾಟಾ ಲೂಪ್ಸ್. ಬರಡು ಗುಡ್ಡದ ಮೈಮೇಲೆ ಸೀರೆಯ ನೆರಿಗೆ ಹಿಡಿದಂತೆ 21 ಹೇರ್‌ಪಿನ್ ತಿರುವು. ಒಂದರ ಮೇಲೊಂದು ಹತ್ತುತ್ತ ಸುಮಾರು 1500 ಅಡಿ ಮೇಲಕ್ಕೆ ಒಯ್ಯುತ್ತವೆ. ಪ್ರತಿ ತಿರುವಿಗೂ ಗುಡ್ಡ ಮತ್ತು ಪ್ರಪಾತ ಜಾಗ ಬದಲಿಸುತ್ತವೆ. ಒಮ್ಮೆ ನನ್ನ ಕಿಟಕಿಗೆ ಬಂಡೆ, ಇನ್ನೊಮ್ಮೆ ಬರೀ ಆಕಾಶ. ಬಂಡೆಯ ಸರದಿಯಲ್ಲಿ ಉಸಿರು ತುಂಬಿಕೊಂಡು ಆಕಾಶದ ಸರದಿಯಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವ ಪದ್ಧತಿಯನ್ನು ನಾನು ಬಹುಬೇಗ ರೂಢಿಸಿಕೊಂಡೆ.

ಆ ತಿರುವುಗಳಲ್ಲೊಂದರ ಬಳಿ ಪುಟ್ಟದೊಂದು ಗುಡಿ. ಸುತ್ತ ದೇವರಿಲ್ಲ, ಹೂವಿಲ್ಲ, ನೀರಿನ ಬಾಟಲಿಗಳ ರಾಶಿ. ಲಾರಿಯವರು ಹೇಳುವ ಕಥೆ ಹೀಗೆ: ಎಷ್ಟೋ ವರ್ಷದ ಹಿಂದೆ, ಚಳಿಗಾಲಕ್ಕೆ ದಾರಿ ಮುಚ್ಚುವ ಹೊತ್ತಿನಲ್ಲಿ ಇಲ್ಲೊಂದು ಲಾರಿ ಕೆಟ್ಟು ನಿಂತಿತು. ಡ್ರೈವರು ಸಹಾಯ ತರಲು ನಡೆದುಹೋದ. ಗಾಡಿ ಕಾಯಲು ಕ್ಲೀನರನನ್ನು ಬಿಟ್ಟ. ಹಿಮ ಸುರಿಯಿತು, ದಾರಿ ಮುಚ್ಚಿತು, ಡ್ರೈವರು ಮರಳಿ ಬರುವಷ್ಟರಲ್ಲಿ ಕ್ಲೀನರ್ ಇರಲಿಲ್ಲ. ಆಮೇಲೆ ಹೋಗಿಬರುವವರನ್ನು ಅಡ್ಡಗಟ್ಟಿ ಯಾರೋ ನೀರು ಕೇಳತೊಡಗಿದರಂತೆ. ಅಂದಿನಿಂದ ನೀರು, ಬೀಡಿ, ಸಿಗರೇಟು ಇಟ್ಟು ಮುಂದೆ ಹೋಗುವುದು ರೂಢಿ.

ಭಾವಮೈದ ಇದನ್ನು ಮೊಬೈಲಿನಲ್ಲಿ ಓದಿ ಹೇಳಿದ. ದೆವ್ವದ ಕಥೆಗಳನ್ನು ನಾನು ನಂಬುವುದಿಲ್ಲ. ಆದರೆ ಈ ಕಥೆಯಲ್ಲಿ ಗಾಡಿ ಬಿಟ್ಟು ಹೋದವನು ಡ್ರೈವರು, ಉಳಿದವನು ಕ್ಲೀನರ್ ಎಂಬ ಭಾಗ ಬಹಳ ನಂಬಿಕೆಗೆ ಅರ್ಹವಾಗಿ ಕಂಡಿತು. ಇಳಿದು, ನನ್ನ ಪಾಲಿನ ಪೂರ್ತಿ ಬಾಟಲಿಯನ್ನು ಅಲ್ಲಿಟ್ಟೆ. “ಅರ್ಧ ಇಡ್ರೀ ಸಾಕು, ಮುಂದೆ ಬೇಕಾಗತ್ತೆ” ಎಂದು ಗಾಡಿಯೊಳಗಿಂದ ಕೂಗಿದಳು. ಡ್ರೈವರುಗಳೆಲ್ಲ ಹೀಗೇ ಎಂದುಕೊಂಡೆ.

ಲಾಚುಲುಂಗ್ ಲಾ ಹತ್ತಿ ಪಾಂಗ್ ಕಡೆಗೆ ಇಳಿಯುತ್ತಿದ್ದೆವು. ಡಾಂಬರು ಕಿತ್ತು ಹೋಗಿ ಬರೀ ಜಲ್ಲಿ, ಧೂಳು. ಒಂದು ಕಡೆ ಕೈಚಾಚಿದರೆ ತಾಗುವ ಬಂಡೆ, ನನ್ನ ಕಡೆ ಎಂದಿನಂತೆ ಏನೂ ಇಲ್ಲ. ತಿರುವಿನಾಚೆಯಿಂದ ಹಾರನ್ನು ಕೇಳಿತು, ಹಿಂದೆಯೇ ಒಂದು ಲಾರಿಯ ಮೂತಿ ಕಾಣಿಸಿತು. ಬೆಟ್ಟದ ಕಿರಿದಾದ ರಸ್ತೆಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಎಂಬುದು ನಮ್ಮ ದೇಶದ ರಸ್ತೆ ನಿಯಮಗಳಲ್ಲೇ ಇದೆ. ನಿಂತ ಲಾರಿಗೆ ಏರಿನಲ್ಲಿ ಮತ್ತೆ ಹೊರಡುವ ಕಷ್ಟ ಏನೆಂದು ಘಾಟಿ ಕಂಡವರಿಗೆ ಗೊತ್ತು. ಹೆಂಡತಿ ಒಂದು ಮಾತೂ ಆಡದೆ ರಿವರ್ಸ್ ಗೇರಿಗೆ ಹಾಕಿದಳು. ಆಮೇಲೆ ನನ್ನ ಕಡೆ ನೋಡಿದಳು.

ಇಳಿದೆ. ಹಿಂದಕ್ಕೆ ನಡೆದೆ. ಸ್ವಲ್ಪ ಮೇಲೆ ರಸ್ತೆ ಚೂರು ಅಗಲವಾಗಿದ್ದ ಜಾಗ ಬಿಟ್ಟುಬಂದಿದ್ದೆವು. ಅಲ್ಲಿವರೆಗೆ ಗಾಡಿಯನ್ನು ಏರಿನಲ್ಲಿ ಹಿಮ್ಮುಖವಾಗಿ ತರಬೇಕು. ಎದೆಯುಬ್ಬಿಸಿ ‘ಬರ್ಲಿ’ ಎಂದೆ. ‘ಬ’ ಮಾತ್ರ ಹೊರಬಂತು. 16,000 ಅಡಿಯಲ್ಲಿ ‘ರ್ಲಿ’ ಹೊರಡಿಸುವಷ್ಟು ಗಾಳಿ ಇರುವುದಿಲ್ಲ. ಮತ್ತೆ ‘ಬ’ ಎಂದೆ. ಕಿಟಕಿಯಿಂದ ತಲೆ ಹೊರಹಾಕಿ “ಏನು, ಬರಬೇಕಾ ಬೇಡವಾ? ಸರಿಯಾಗಿ ಹೇಳಿ!” ಎಂದಳು. ಎರಡೂ ಕೈಗಳಲ್ಲಿ ವಿವರಿಸಲು ಹೋದೆ. ಕೈ ಎತ್ತಿದರೂ ಏದುಸಿರು.

ಲಾರಿಯಿಂದ ಒಬ್ಬ ಹುಡುಗ ಹಾರಿ ಇಳಿದ. ಹದಿನೆಂಟೋ ಹತ್ತೊಂಬತ್ತೋ ಇರಬೇಕು, ಕಾಲಿಗೆ ಹವಾಯಿ ಚಪ್ಪಲಿ. ಆ ಎತ್ತರದಲ್ಲಿ ಓಡುತ್ತ ಬಂದ! ನನ್ನನ್ನು ಪಕ್ಕಕ್ಕೆ ಸರಿಸಿ, ಗಾಡಿಯ ಹಿಂದಿನ ಗಾಜಿಗೆ ಕಾಣುವಂತೆ ನಿಂತು, ಸೀಟಿ ಊದಿ, ಒಂದೇ ಬೆರಳಲ್ಲಿ ಸ್ಟೇರಿಂಗ್ ಎಷ್ಟು ಮುರಿಯಬೇಕೆಂದು ತೋರಿಸುತ್ತ ಗಾಡಿಯನ್ನು ಬಂಡೆಗೆ ಒಂದು ಗೇಣಷ್ಟು ದೂರದಲ್ಲಿ ತಂದು ನಿಲ್ಲಿಸಿದ. ಹಿಂದಿನ ಗಾಲಿಗೆ ಕಲ್ಲೂ ಇಟ್ಟ. ನಾನು ಇನ್ನೊಂದು ಗಾಲಿಗೆ ಕಲ್ಲು ಇಟ್ಟೆ, ಬೇಕಾಗಿರಲಿಲ್ಲ.

ಲಾರಿ ನಮ್ಮ ಪಕ್ಕ ಬಂದು ಒಂದು ಕ್ಷಣ ನಿಧಾನಿಸಿತು. ಡ್ರೈವರು ಮೇಲಿಂದ ಬಗ್ಗಿ, ಹೆಂಡತಿಗೆ ಶಹಬ್ಬಾಸ್ ಹೇಳಿ, ನನ್ನತ್ತ ಕಣ್ಣು ಹಾಯಿಸಿ, ಹಿಂದಿಯಲ್ಲಿ ಕೇಳಿದ: “ಹುಡುಗ ಹೊಸಬನಾ, ಬೆಹನ್‌ಜೀ?”

“ಹಳಬನೇ, ಸಂಬಳ ಕೊಡಲ್ಲ, ಅದಕ್ಕೇ ಹೀಗೆ” ಎಂದಳು ಹೆಂಡತಿ, ತೀರ್ಥಹಳ್ಳಿಯ ಹಿಂದಿಯಲ್ಲಿ.

ಹಿಂದಿನ ಸೀಟಿನಿಂದ ಬಂದ ನಗು ವಿಡಿಯೊದಲ್ಲಿ ಇವತ್ತಿಗೂ ಕೇಳಿಸುತ್ತದೆ. ನಗದೇ ಇದ್ದವನು ಒಬ್ಬನೇ, ಆ ಹುಡುಗ. ಚಲಿಸುತ್ತಿದ್ದ ಲಾರಿಗೆ ನೇತುಬೀಳುವ ಮೊದಲು ಜೇಬಿಗೆ ಕೈ ಹಾಕಿ, ಒಂದು ಮುಷ್ಟಿ ಹುರಿಗಡಲೆ ತೆಗೆದು ನನ್ನ ಅಂಗೈಗೆ ಸುರಿದ. ಹಿಂದೆ ಒಮ್ಮೆ ನೋಡಿ, ಡ್ರೈವರುಗಳಿಬ್ಬರಿಗೂ ಕೇಳಿಸದಂತೆ, ಮುಂದಿನ ಸೀಸನ್ನಿಗೆ ಬೇರೆ ಗಾಡಿ ನೋಡಿಕೋ ಎಂದ.