ನಮ್ಮ ಆಪ್ತಮಿತ್ರ ಗ್ಯಾಸ್

ಅಹಮದಾಬಾದಿನ ವಟ್ವಾ ಜಿಐಡಿಸಿ ಕೈಗಾರಿಕಾ ಪ್ರದೇಶ. ಬಣ್ಣದ ಕಾರ್ಖಾನೆಯೊಂದರ ಗೇಟಿನೆದುರು ಚಹಾದಂಗಡಿ. ಸೂಪರ್‌ವೈಸರ್ ಸಾಹೇಬರು ದವಡೆಯಲ್ಲಿ ಹೊಗೆಸೊಪ್ಪಿನ ಮಾವಾ ಒತ್ತರಿಸಿಕೊಂಡು ಎದೆ ನೀವಿಕೊಳ್ಳುತ್ತಿದ್ದಾರೆ. ಅವರ ಹೃದಯದ ರಕ್ತನಾಳಕ್ಕೆ ಅಡ್ಡಗಟ್ಟಿ ಕೂತ ಹೆಪ್ಪನ್ನು ನಾವು ಮಾತಾಡಿಸಿದೆವು.

ನಮಸ್ಕಾರ. ಯಾವಾಗ ಬಂದಿರಿ?

ಬರೋದೇನ್ರೀ, ಹುಟ್ಟಿದ್ದೇ ಇಲ್ಲಿ. ನಾಳದ ಗೋಡೆಯೊಳಗೆ ಎಷ್ಟೋ ವರ್ಷದಿಂದ ಕೊಬ್ಬು ಸೇರ್ತಿತ್ತು. ಇವತ್ತು ಅದರ ಮೇಲಿನ ಪೊರೆ ಹರೀತು. ಗಾಯ ಆಯ್ತು ಅಂತ ಪ್ಲೇಟ್‌ಲೆಟ್‌ಗಳು ಓಡಿ ಬಂದ್ವು, ಫೈಬ್ರಿನ್ ಎಳೆಗಳು ಬಲೆ ಹೆಣೆದ್ವು. ಬೆಳಿಗ್ಗೆ ಸಾಹೇಬ್ರು ಗಡ್ಡ ಹೆರೆಯುವಾಗ ಕೆನ್ನೆ ಕೊಯ್ದುಕೊಂಡ್ರಲ್ಲ, ಆ ರಕ್ತ ನಿಲ್ಲಿಸಿದ್ದೂ ನಮ್ಮವರೇ. ಅದಕ್ಕೆ ಒಂದು ಥ್ಯಾಂಕ್ಸ್ ಇಲ್ಲ.

ಸಾಹೇಬರು ಟ್ರೆಡ್‌ಮಿಲ್ ಟೆಸ್ಟ್ ಪಾಸಾಗಿದ್ದರಂತೆ?

ಸರ್ಟಿಫಿಕೇಟ್ ಬೀರುವಿನಲ್ಲಿದೆ. ದಾರಿ ತೀರಾ ಇಕ್ಕಟ್ಟಾಗಿದ್ರೆ ಆ ಟೆಸ್ಟ್ ಸುಳಿವು ಕೊಡುತ್ತೆ. ಪೊರೆ ಎಷ್ಟು ತೆಳು ಅಂತ ಅದಕ್ಕೆಲ್ಲಿ ಕಾಣಬೇಕು?

ಬಂಧುಬಳಗ?

ತಮ್ಮ ಮಿದುಳಿನ ಕಡೆ. ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು ಅವನ ಕೈಚಳಕ. ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸೋ ಇಂಜೆಕ್ಷನ್ ಬಿದ್ರೆ ಅಂತ ಅವನಿಗೆ ದಿಗಿಲು. ದಾಯಾದಿಯೊಬ್ಬ ಕಾಲಿನ ಸಿರೆಯಲ್ಲಿರ್ತಾನೆ, ಆಗಾಗ ಶ್ವಾಸಕೋಶಕ್ಕೆ ಪ್ರವಾಸ.

ನಿಮಗೆ ಬೇಕಾದವರು?

ಗ್ಯಾಸ್! ನಿಮ್ಮೂರಲ್ಲಿ ಗ್ಯಾಸ್ಟ್ರಿಕ್ ಅಂತೀರಿ. ಈ ದೇಶದಲ್ಲಿ ಯಾರಿಗೂ ಹೃದಯ ಇಲ್ಲ ಸ್ವಾಮಿ, ಬರೀ ಹೊಟ್ಟೆ. ಎದೆ ಒತ್ತಿದ್ರೆ ಬೆಳಿಗ್ಗೆ ತಿಂದ ಗಾಂಠಿಯಾ, ಎಡಗೈ ಸೆಳೆದ್ರೆ ರಾತ್ರಿ ಮಲಗಿದ್ದು ಸರಿಯಿಲ್ಲ, ತಣ್ಣಗೆ ಬೆವರಿದ್ರೆ ವಟ್ವಾ ಸೆಕೆ. ಸಕ್ಕರೆ ಕಾಯಿಲೆಯವರಿಗಂತೂ ಕೆಲವೊಮ್ಮೆ ನೋವೇ ಕಾಣಲ್ಲ. ಒಂದು ತೇಗು ಬಂತೋ, ನನಗೆ ಅರ್ಧ ಗಂಟೆ ಸಿಕ್ತು. ಅಷ್ಟರಲ್ಲಿ ಹೃದಯದ ಸ್ನಾಯು ಸಾಯೋಕೆ ಶುರುವಾಗಿರುತ್ತೆ.

ಕರ್ನಾಟಕದಲ್ಲಿ ಜನ ಎಚ್ಚೆತ್ತಿದ್ದಾರಲ್ಲ?

2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಹಾರ್ಟ್ ಅಟ್ಯಾಕಲ್ಲಿ ತೀರಿಕೊಂಡಾಗ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಕ್ಯೂ ನಿಂತ್ರು. ಕ್ಯೂಗೆ ನಾನು ಹೆದರಲಿಲ್ಲ. ಆಮೇಲೆ ಅವರ ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ತಂದ್ರು ನೋಡಿ, ತಾಲ್ಲೂಕು ಆಸ್ಪತ್ರೆಯಲ್ಲೇ ಟೆನೆಕ್ಟೆಪ್ಲೇಸ್ ಇಂಜೆಕ್ಷನ್, ಅದೂ ಬಿಟ್ಟಿ! ಬಲೆಯ ಎಳೆಯನ್ನೇ ಕರಗಿಸುತ್ತೆ ದರಿದ್ರದ್ದು. ಪುಣ್ಯಕ್ಕೆ, ತಡ ಮಾಡಿದಷ್ಟೂ ಅದರ ಆಟ ಕಮ್ಮಿ.

ಅಲ್ಲಿ ಅಪ್ರೆಂಟಿಸ್ ಹುಡುಗ ಯಾರಿಗೋ ಫೋನ್ ಮಾಡುತ್ತಿದ್ದಾನೆ.

ಮನೆಗಿರಬೇಕು.

108 ಅಂತ ಒತ್ತಿದ ಹಾಗಿತ್ತು.

ಯಾರ್ರೀ ಅವನು? ಸಾಹೇಬ್ರು ಹೇಳಿದ್ದು ಸೋಡಾ ತರೋಕೆ, ಸೋಡಾ!