ಸಂಬಂಧಪಟ್ಟವರ ಗಮನಕ್ಕೆ

ಸೋಲೂರಿನ ಹುಡುಗನೊಬ್ಬನ ಮೇಲೆ ದೂರು ಬಂದಿದೆ. ನಾಲ್ಕನೇ ಕ್ಲಾಸು, ಒಂದು ಪೀರಿಯಡ್ಡಿಗೆ ನಾಲ್ಕು ಸಲ ಬೆಂಚು ಬಿಟ್ಟು ಏಳುತ್ತಾನಂತೆ. ಏಳಲಿ ಬಿಡಿ. ಅವನ ಊರು ಕೂತಲ್ಲಿಂದ ಏಳದೆಯೇ ನಾಲ್ಕು ಜಿಲ್ಲೆ ನೋಡಿಕೊಂಡು ಬಂದಿದೆ. ಮೊದಲು ಬೆಂಗಳೂರು ಜಿಲ್ಲೆ, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಹೂಂ ಅಂದ ಮೇಲೆ ಬೆಂಗಳೂರು ದಕ್ಷಿಣ. ತಾಲ್ಲೂಕು ಮಾಗಡಿ, ಎಂಎಲ್‌ಎ ಬೇಕೆಂದರೆ ನೆಲಮಂಗಲದ ಕಡೆ ನೋಡಬೇಕು, ಎಂಪಿ ಚಿಕ್ಕಬಳ್ಳಾಪುರ ಕ್ಷೇತ್ರದವರು. ಹೋಬಳಿಯನ್ನು ಮಾಗಡಿಯಿಂದ ಬಿಡಿಸಿ ನೆಲಮಂಗಲಕ್ಕೆ ಸೇರಿಸುವ ಮಾತು ಬೇರೆ. ಹೀಗೆ ದಿಕ್ಕಿಗೊಂದು ಕಡೆ ಮುಖ ಮಾಡಿ ನಿಂತ ಊರಿಗೆ ಇಲ್ಲಿಯವರೆಗೆ ಯಾರೂ ಮಾತ್ರೆ ಬರೆದುಕೊಟ್ಟಿಲ್ಲ. ಹುಡುಗನ ಡೈರಿಯಲ್ಲಿ ಮಾತ್ರ ‘ಡಾಕ್ಟರಿಗೆ ತೋರಿಸಿ’ ಎಂದು ಕೆಂಪು ಇಂಕಿನಲ್ಲಿ ಬಂದಿದೆ.

ಹುಡುಗನ ಹೆಸರು ಕೇಳಬೇಡಿ. ಹೆದ್ದಾರಿಯ ಆಚೀಚೆಯ ನಾಲ್ಕಾರು ಮನೆಗಳ ಹುಡುಗರನ್ನು ಸೇರಿಸಿ ಒಬ್ಬನನ್ನು ಮಾಡಿಕೊಂಡಿದ್ದೇನೆ. ಬೇಕಾದರೆ ನಿಮ್ಮ ಮನೆಯವನನ್ನೂ ಸೇರಿಸಿಕೊಳ್ಳಿ, ಜಾಗವಿದೆ.

ಮೂರನೇ ಕ್ಲಾಸಿನವರೆಗೆ ಅವನ ಮೇಲೆ ಇಂಥ ದೂರೇ ಇರಲಿಲ್ಲ. ಓದುತ್ತಿದ್ದದ್ದು ಸರ್ಕಾರಿ ಶಾಲೆ, ಅಲ್ಲಿ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೇಷ್ಟ್ರುಗಳೇ ಕೈಹಚ್ಚಿ ಶುರುಮಾಡಿದ ಈ ಪದ್ಧತಿಯಲ್ಲಿ ಮಕ್ಕಳು ಗುಂಪುಗುಂಪಾಗಿ ಕೂರುತ್ತಾರೆ, ತಮ್ಮ ಕಾರ್ಡನ್ನು ತಾವೇ ಹುಡುಕಿ ತರುತ್ತಾರೆ, ಒಂದು ಮೆಟ್ಟಿಲು ಮುಗಿಸಿ ಇನ್ನೊಂದಕ್ಕೆ ಹೋಗುತ್ತಾರೆ. ಅಲ್ಲಿ ಏಳುವುದೂ ಪಾಠ, ಓಡಾಡುವುದೂ ಪಾಠ. ಹುಡುಗ ಚಟಪಟ ಅಂತ ಕಾರ್ಡು ತರುತ್ತಿದ್ದ, ತನ್ನದು ಮುಗಿದರೆ ಪಕ್ಕದವಳದನ್ನೂ ತಂದುಕೊಡುತ್ತಿದ್ದ. ‘ಚುರುಕು ಕಣಮ್ಮ ನಿನ್ ಮಗ’ ಎಂದಿದ್ದರು ಟೀಚರು. ನಲಿ-ಕಲಿ ಇರುವುದು ಮೂರನೇ ಕ್ಲಾಸಿನ ತನಕ. ಬೇಸಿಗೆ ರಜೆ ಮುಗಿದು ನಾಲ್ಕಕ್ಕೆ ಬಂದಾಗ ಹುಡುಗ ಅವನೇ, ತಲೆಯೂ ಅದೇ. ಬೆಂಚು ಮಾತ್ರ ಹೊಸದು. ಸಾಲದ್ದಕ್ಕೆ ಮನೆಯವರು ಅದೇ ವರ್ಷ ಚೀಟಿ ದುಡ್ಡು ಎತ್ತಿ ಹಳದಿ ಬಸ್ಸಿನ ಇಂಗ್ಲಿಷ್ ಮೀಡಿಯಂಗೆ ಹಾಕಿದರು. ಚುರುಕು ಅನ್ನುವುದು ಜೂನ್ ತಿಂಗಳಲ್ಲಿ ಚೇಷ್ಟೆಯಾಯಿತು, ಆಗಸ್ಟಿಗೆ ಸಮಸ್ಯೆಯಾಯಿತು, ದಸರಾ ರಜೆಯ ಹೊತ್ತಿಗೆ ಕೆಂಪು ಇಂಕು.

ಡಾಕ್ಟರಿಗಿಂತ ಮೊದಲು ಊರು ನೋಡುತ್ತದೆ. ಊರಿನಲ್ಲಿ ಫೀಸಿಲ್ಲ, ಟೋಕನ್ ಬೇಡ, ಎಲ್ಲರೂ ಸ್ಪೆಷಲಿಸ್ಟುಗಳೇ. ಚಿಕ್ಕಪ್ಪ ಮೊಬೈಲು ಕಿತ್ತಿಡಿ ಅಂದ, ಹಾಗೆ ಹೇಳುವಾಗಲೂ ತನ್ನ ಮೊಬೈಲಿನಿಂದ ತಲೆ ಎತ್ತಲಿಲ್ಲ. ಎದುರು ಮನೆಯವರು ಒಂದೆಲಗದ ರಸ ಹೇಳಿದರು. ಟ್ಯೂಷನ್ ಮೇಷ್ಟ್ರು ಇನ್ನೊಂದು ಟ್ಯೂಷನ್ ಹೇಳಿದರು. ಅಪ್ಪನ ಚಿಕಿತ್ಸೆ ಸೊಂಟದಲ್ಲೇ ಇತ್ತು, ಬಿಚ್ಚಿದರಾಯಿತು. ಅಜ್ಜಿ ಮಾತ್ರ ತಾಯತ ಕಟ್ಟುತ್ತಾ, ‘ಅಯ್ಯೋ, ಇವ್ನಪ್ಪನೂ ಹಿಂಗೇ ಇದ್ದ ಕಣವ್ವ, ಒಂದ್ ಗಳಿಗೆ ಕೂತವನಲ್ಲ, ಈಗ ಟಿಪ್ಪರ್ ಓಡುಸ್ಕೊಂಡು ಚೆನ್ನಾಗೇ ಇಲ್ವಾ’ ಅಂದಳು. ಅಷ್ಟು ಸ್ಪೆಷಲಿಸ್ಟುಗಳಲ್ಲಿ ಡಾಕ್ಟರು ಬರೆದುಕೊಳ್ಳುವಂಥ ಮಾತು ಆಡಿದವಳು ಅವಳೊಬ್ಬಳೇ. ಗಮನ ಒಂದು ಕಡೆ ನಿಲ್ಲದ, ಕೂತಲ್ಲಿ ಕೂರಲಾಗದ ಈ ತೊಂದರೆಗೆ ಡಾಕ್ಟರುಗಳು ಇಟ್ಟಿರುವ ಹೆಸರು ಎಡಿಎಚ್‌ಡಿ, ಅದು ವಂಶದಲ್ಲಿ ಹರಿದು ಬರುವುದು ಹೆಚ್ಚು. ಇನ್ನು ಇದು ಮೊಬೈಲಿನಿಂದ ಬಂದ ಹೊಸ ಕಾಯಿಲೆ ಎನ್ನುವವರಿಗೆ ಒಂದು ತಾರೀಖು: ಅಲೆಕ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಒಂದು ಕಡೆ ಗಮನ ನಿಲ್ಲದ ಇಂಥ ಮಕ್ಕಳ ಬಗ್ಗೆ ಬರೆದದ್ದು 1798ರಲ್ಲಿ. ಆಗಿನ್ನೂ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಆಳುತ್ತಿದ್ದ. ರೀಲ್ಸ್ ಇರಲಿಲ್ಲ.

ಸರ್ಕಾರ ಏನೂ ಮಾಡಿಲ್ಲ ಅನ್ನುವುದು ಅನ್ಯಾಯ. ಬೇಕಾದಷ್ಟು ಮಾಡಿದೆ, ಬೇರೆ ಬೇರೆ ರೂಮಿನಲ್ಲಿ ಕೂತು ಮಾಡಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮಕ್ಕಳಲ್ಲಿ ಹುಡುಕಬೇಕಾದ 30 ತೊಂದರೆಗಳ ಪಟ್ಟಿ ಮಾಡಿತು. ಅದರಲ್ಲಿ ಹಲ್ಲು ಹುಳುಕು ಇದೆ, ಕಿವಿ ಸೋರುವುದಿದೆ, ಎಡಿಎಚ್‌ಡಿಯೂ ಇದೆ. ತಂಡ ವರ್ಷಕ್ಕೊಂದು ಸಲ ಶಾಲೆಗೆ ಬಂದು ತೂಕ ನೋಡುತ್ತದೆ, ಬಾಯಿ ತೆರೆಸುತ್ತದೆ. ನಮ್ಮ ಹುಡುಗನನ್ನೂ ಮೂರನೇ ಕ್ಲಾಸಿನಲ್ಲಿ ನೋಡಿದ್ದರು. ಹೊಸಬರು, ಬಿಳಿ ಕೋಟು, ಕುತ್ತಿಗೆಗೆ ಸ್ಟೆತಸ್ಕೋಪು. ಹುಡುಗ ಕಣ್ಣು ಮಿಟುಕಿಸದೆ ಗೊಂಬೆ ಹಾಗೆ ನಿಂತಿದ್ದ. ಇಂಥ ಮಕ್ಕಳು ಹೊಸ ಜಾಗ, ಹೊಸ ಮುಖದ ಮುಂದೆ ಗಪ್‌ಚುಪ್ ಇರಬಲ್ಲರು. ‘ನಾರ್ಮಲ್’ ಅಂತ ಬರೆದು, ಜಂತುಹುಳುವಿನ ಮಾತ್ರೆ ಕೊಟ್ಟರು. ಈಗ ತೋರಿಸೋಣವೆಂದರೆ ಆ ತಂಡ ಹೋಗುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗೆ. ಸಮಗ್ರ ಶಿಕ್ಷಣದಡಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರ ದಾರಿಯೂ ಅದೇ. ಬಂದು ನೋಡುವ ಡಾಕ್ಟರು, ಹೇಳಿಕೊಡುವ ವಿಶೇಷ ಶಿಕ್ಷಕರು, ಈ ಎರಡೂ ಬಿಟ್ಟಿ ಸಿಗುವ ಕಡೆಯಿಂದ ಬಿಡಿಸಿ, ಎರಡೂ ಇಲ್ಲದ ಕಡೆಗೆ ದುಡ್ಡು ಕಟ್ಟಿ ಸೇರಿಸಿದ್ದಾರೆ. ಟೈ ಇದೆ, ಇಲ್ಲವೆನ್ನುವ ಹಾಗಿಲ್ಲ.

ಮನೋವೈದ್ಯರು ಬೇಕೆಂದರೆ ಮಂಗಳವಾರದ ದಾರಿ ಕಾಯಬೇಕು. 2014ರಿಂದ ರಾಜ್ಯದಲ್ಲಿ ಮನೋಚೈತನ್ಯ ಎಂಬ ಏರ್ಪಾಡಿದೆ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಅವರು ಬರುತ್ತಾರೆ. ಒಳ್ಳೆಯ ಏರ್ಪಾಡೇ. ಅಜ್ಜಿ ಮಂಗಳವಾರ ಒಳ್ಳೆ ಕೆಲಸಕ್ಕೆ ಹೊರಡಬಾರದು ಅಂದಳು, ಅಪ್ಪ ಟಿಪ್ಪರಿಗೆ ಲೋಡಿದೆ ಅಂದ, ಮಿಸ್ಸು ಅವತ್ತೇ ಯೂನಿಟ್ ಟೆಸ್ಟ್ ಅಂದರು. ಕೊನೆಗೆ ತಾಯಿ ಬೆಂಗಳೂರಿನ ಬಸ್ಸು ಹತ್ತಿದಳು. ನಿಮ್ಹಾನ್ಸ್‌ಗೆ ಮಾತ್ರ ಬೇಡ ಎಂದು ಅತ್ತೆ ಆಣೆ ಹಾಕಿಸಿಕೊಂಡಿದ್ದರು. ಅಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಮನೋವೈದ್ಯ ವಿಭಾಗ ಇದೆ ಅಂದರೆ ಕೇಳುವವರಾರು, ಊರಿನ ಬಾಯಲ್ಲಿ ಅದು ಇಂದಿಗೂ ಹುಚ್ಚಾಸ್ಪತ್ರೆಯೇ. ಹೀಗಾಗಿ ಬೇರೊಂದು ದೊಡ್ಡಾಸ್ಪತ್ರೆ. ಚೀಟಿ ಮಾಡಿಸುವ ಸಾಲು, ಫೈಲು ಮಾಡಿಸುವ ಸಾಲು, ರೂಮಿನ ಮುಂದಿನ ಸಾಲು. ಸಾಲಿನಲ್ಲಿ ನಿಲ್ಲಲಾಗದ ಕಾಯಿಲೆಗೆ ಮೂರು ಸಾಲು. ಒಳಗೆ ಹೋಗುವ ಹೊತ್ತಿಗೆ ಹುಡುಗ ಮೂರು ಮಹಡಿಯ ಸ್ವಿಚ್‌ಬೋರ್ಡುಗಳನ್ನೂ ಬಲ್ಲವನಾಗಿದ್ದ.

ಡಾಕ್ಟರು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಹುಟ್ಟಿದಾಗ ಅತ್ತನೇ, ನಡೆದದ್ದು ಯಾವಾಗ, ನಿದ್ದೆ ಹೇಗೆ, ಕಣ್ಣು ಕಿವಿ ತೋರಿಸಿದ್ದೀರಾ. ಒಂದು ಸ್ಕ್ಯಾನಿಂಗ್ ಬರೆಯಲಿಲ್ಲ, ಒಂದು ತೊಟ್ಟು ರಕ್ತ ತೆಗೆಯಲಿಲ್ಲ. ಊರಿಗೆ ಬಂದು ಹೇಳಿದರೆ, ‘ಬರೀ ಮಾತಾಡಿ ಕಳ್ಸುದ್ರಾ? ಅದೆಂಥಾ ಡಾಕ್ಟ್ರು!’ ಎಂದು ಎಲ್ಲರಿಗೂ ಬೇಜಾರು. ಎಡಿಎಚ್‌ಡಿಯನ್ನು ತೋರಿಸಿಕೊಡುವ ಸ್ಕ್ಯಾನಾಗಲಿ ರಕ್ತ ಪರೀಕ್ಷೆಯಾಗಲಿ ಇನ್ನೂ ಇಲ್ಲ. 2013ರ ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣ, ಚಡಪಡಿಕೆಗೆ ಸಂಬಂಧಿಸಿದ ಒಂಬತ್ತು. ಯಾವುದಾದರೊಂದರಲ್ಲಿ ಆರಾದರೂ ಇರಬೇಕು, ಆರು ತಿಂಗಳಾದರೂ ಇರಬೇಕು, 12 ವರ್ಷಕ್ಕೆ ಮುಂಚೆಯೇ ಕಾಣಿಸಿರಬೇಕು. ಮನೆಯಲ್ಲಿ ಮಾತ್ರ ಇದ್ದರೆ ಸಾಲದು, ಶಾಲೆಯಲ್ಲೂ ಕಾಣಬೇಕು. ಅದಕ್ಕೆಂದು ಟೀಚರು ತುಂಬಿಕೊಡಬೇಕಾದ ಒಂದು ಫಾರಂ.

ಈ ಫಾರಮ್ಮಿನ ಕಥೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಮೊದಲನೇ ಪ್ರತಿ ಮಿಸ್ಸಿನ ಬ್ಯಾಗಿನಲ್ಲಿ ಹದಿನೈದು ದಿನ ಇದ್ದು ಟಿಫನ್ ಡಬ್ಬಿಯ ಸಾರು ಕುಡಿಯಿತು. ಎರಡನೆಯದನ್ನು ‘ಎಲ್ಲೋ ಇಟ್ಟಿದ್ದೆ ಮೇಡಂ, ಜ್ಞಾಪಕ ಬರ್ತಿಲ್ಲ’ ಎಂದರು. ಮೂರನೆಯದನ್ನು ತಾಯಿ ಎದುರಿಗೇ ಕೂತು ತುಂಬಿಸಿದಳು. ಅವರನ್ನೇನೂ ಅನ್ನುವ ಹಾಗಿಲ್ಲ, ಎಂಟೋ ಹತ್ತೋ ಸಾವಿರ ಸಂಬಳಕ್ಕೆ ಐವತ್ತು ಮಕ್ಕಳು, ಮಧ್ಯೆ ಬಸ್ ಡ್ಯೂಟಿ ಬೇರೆ. ‘ಸಣ್ಣಪುಟ್ಟ ವಿವರಗಳ ಮೇಲೆ ನಿಗಾ ಇಡುವುದಿಲ್ಲ’ ಎಂಬ ಪ್ರಶ್ನೆಯಿಂದ ಹಿಡಿದು ಕೊನೆಯವರೆಗೆ ‘ಯಾವಾಗಲೂ’ ಎಂಬ ಕಾಲಮ್ಮಿನಲ್ಲಿ ಸರಸರ ಟಿಕ್ ಎಳೆದರು. ಆಸ್ಪತ್ರೆಯಲ್ಲಿ ನೋಡಿದರೆ ಮಗುವಿನ ಹೆಸರು ಎನ್ನುವಲ್ಲಿ ಪಕ್ಕದ ಬೆಂಚಿನವನ ಹೆಸರಿತ್ತು. ನಾಲ್ಕನೇ ಪ್ರತಿಗೆ ಪ್ರಿನ್ಸಿಪಾಲರು ಸೀಲು ಹಾಕಲಿಲ್ಲ. ನಮ್ಮದು ನೂರಕ್ಕೆ ನೂರು ರಿಸಲ್ಟಿನ ಸ್ಕೂಲು, ಇಂಥದ್ದಕ್ಕೆಲ್ಲ ಸೀಲು ಹಾಕಿದರೆ ಹೆಸರು ಏನಾಗಬೇಕು, ಬೇಕಾದರೆ ಟಿಸಿ ಕೊಡುತ್ತೇವೆ, ಅದಕ್ಕೆ ಸೀಲು ಖಂಡಿತ ಹಾಕುತ್ತೇವೆ ಎಂದರು.

ಸೀಲಿಲ್ಲದಿದ್ದರೂ ಅಂತೂ ಎಡಿಎಚ್‌ಡಿ ಹೌದು ಎಂದಾಯಿತು. ತಾಯಿ ಅಂದುಕೊಂಡಳು, ಇನ್ನೇನು ಸರ್ಟಿಫಿಕೇಟ್ ಬರುತ್ತದೆ, ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಟೈಮು ಸಿಗುತ್ತದೆ. ಇಲ್ಲಿ ಇನ್ನೊಂದು ಪಟ್ಟಿ ಎದುರಾಯಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಅಂಗವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಆದವು. ಆ 21ರಲ್ಲಿ ಎಡಿಎಚ್‌ಡಿ ಇಲ್ಲ. ಆರೋಗ್ಯ ಇಲಾಖೆಯವರು ಹುಡುಕಿರಿ ಎಂದು ಬರೆದುಕೊಂಡದ್ದನ್ನು ಕಾಯ್ದೆಯವರು ಸಿಕ್ಕಿದ ಮೇಲೆ ಗುರುತಿಸುವುದಿಲ್ಲ. ಬೇರೆ ಯಾವುದನ್ನಾದರೂ ಸೇರಿಸಬೇಕೆನಿಸಿದರೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬಹುದು ಎಂದು ಅದೇ ಪಟ್ಟಿಯ ಕೊನೆಯಲ್ಲಿದೆ. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲಿನಲ್ಲಿ. ಕೊನೆಯ ಸಾಲಿನವರೆಗೆ ಓದುವಷ್ಟು ತಾಳ್ಮೆ ಯಾರಿಗಿದೆ?

ಆಸ್ಪತ್ರೆಯ ಕಾರಿಡಾರಿನಲ್ಲಿ ಅನುಭವಸ್ಥ ತಾಯಂದಿರು ಸಿಗುತ್ತಾರೆ. ಒಬ್ಬಾಕೆ ಪಕ್ಕಕ್ಕೆ ಕರೆದು, ‘ಅಕ್ಕ, ನಿಮ್ಮವನಿಗೆ ಓದೋಕ್ ಬರುತ್ತಾ?’ ಅಂತ ಕೇಳಿದಳು. ಬರುತ್ತೆ, ಸ್ವಲ್ಪ ತಡವರಿಸ್ತಾನೆ ಅಂದಳು ಈಕೆ. ‘ತಡವರಿಸುದ್ರೆ ಒಳ್ಳೇದೇ ಬಿಡಿ’ ಅಂದಳು ಆಕೆ, ಗುಟ್ಟು ಹೇಳುವವಳ ಹಾಗೆ. ಕಲಿಕಾ ನ್ಯೂನತೆ 21ರ ಪಟ್ಟಿಯಲ್ಲಿದೆ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಓದು ಬರಹದ ತೊಡಕೂ ಇರುತ್ತದೆ. ಮಗುವಿಗೆ ಎಂಟು ತುಂಬಿರಬೇಕು, ನಿಮ್ಹಾನ್ಸಿನವರೇ ರೂಪಿಸಿದ ಪರೀಕ್ಷೆಗಳಿವೆ, ಅದರಲ್ಲಿ ಸಿಕ್ಕಿಕೊಂಡರೆ ದಾರಿ ಸಲೀಸು. ಅಂದಿನಿಂದ ಆ ತಾಯಿ ದೇವರ ಮುಂದೆ ಕೇಳಿಕೊಳ್ಳುವುದನ್ನು ಬದಲಿಸಿದ್ದಾಳೆ. ಮೊದಲು ಸೋಮೇಶ್ವರನಿಗೆ ನನ್ನ ಮಗ ಚೆನ್ನಾಗಿ ಓದಲಪ್ಪಾ ಎಂದು ಹರಕೆ. ಈಗ, ಅವನು ಇನ್ನೊಂಚೂರು ಕಡಿಮೆ ಓದಲಪ್ಪಾ, ಸರ್ಟಿಫಿಕೇಟಿಗೆ ಸಾಕಾಗುವಷ್ಟು. ಹರಕೆ ತೀರಿಸುವುದು ತೆಂಗಿನಕಾಯಲ್ಲೋ ತಲೆಕೂದಲಲ್ಲೋ ತೀರ್ಮಾನವಾಗಿಲ್ಲ. ಅಂಗವೈಕಲ್ಯ ಶೇಕಡಾ 40 ಮುಟ್ಟಿದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಪರೀಕ್ಷೆಯಲ್ಲಿ ಪಾಸಾಗಲು 35 ಸಾಕಿತ್ತು ಎಂದುಕೊಂಡು ಬೆಳೆದವರು ನಾವು. ಅಂಗವೈಕಲ್ಯದಲ್ಲಿ ಪಾಸಾಗುವುದು ಅದಕ್ಕಿಂತ ಕಷ್ಟ. ಗ್ರೇಸ್ ಮಾರ್ಕ್ಸ್ ಇಲ್ಲ.

ಮಾತ್ರೆಯ ವಿಷಯ ಬೇಗ ಮುಗಿಸುತ್ತೇನೆ. ಮೊದಲು ಮನೆಯವರು, ಟೀಚರು ನಡೆದುಕೊಳ್ಳುವ ರೀತಿ ಬದಲಾಗಲಿ, ಬೇಕಾದರೆ ಆಮೇಲೆ ಮಾತ್ರೆ ಎಂದರು ಡಾಕ್ಟರು. ಮೀಥೈಲ್‌ಫೆನಿಡೇಟ್ ಎಂಬುದೊಂದಿದೆ, ನಮ್ಮ ದೇಶದಲ್ಲಿ ಅದು ಷೆಡ್ಯೂಲ್ ಎಕ್ಸ್. ಚೀಟಿ ಎರಡು ಪ್ರತಿ ಇರಬೇಕು, ಲೈಸೆನ್ಸ್ ಇರುವ ಅಂಗಡಿಯಾಗಿರಬೇಕು. ಇಷ್ಟು ಕಟ್ಟುನಿಟ್ಟು ಬೇಕಾದದ್ದೇ. ಊರಿನ ಮೆಡಿಕಲ್ ಸ್ಟೋರಿನ ಹುಡುಗ ಹೆಸರು ಓದಿ, ‘ಇದು ಇಲ್ಲ ಅಕ್ಕ, ಅದರ ಬದಲು ಒಳ್ಳೆ ಟಾನಿಕ್ ಇದೆ’ ಅಂದ. ಟಾನಿಕ್ಕಿಗೆ ಷೆಡ್ಯೂಲ್ ಇಲ್ಲ.

ಡಾಕ್ಟರು ಶಾಲೆಗೊಂದು ಪತ್ರ ಕೊಟ್ಟಿದ್ದರು. ಹುಡುಗನನ್ನು ಮುಂದಿನ ಬೆಂಚಿನಲ್ಲಿ, ಕಿಟಕಿ ಬಾಗಿಲಿನಿಂದ ದೂರ ಕೂರಿಸಿ. ಒಂದೇ ಉಸಿರಿನಲ್ಲಿ ಐದು ಕೆಲಸ ಹೇಳಬೇಡಿ, ಒಂದೊಂದಾಗಿ ಹೇಳಿ. ದೊಡ್ಡ ಲೆಕ್ಕವನ್ನು ತುಂಡು ಮಾಡಿ ಕೊಡಿ. ಎದ್ದೇಳಬೇಕೆನಿಸಿದಾಗ ಚಾಕ್‌ಪೀಸು ತರಲೋ ಬೋರ್ಡು ಒರೆಸಲೋ ಕಳಿಸಿ. ಹೊಡೆಯಬೇಡಿ, ಅದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಇದೆ. ಇಷ್ಟೇ. ಇದರಲ್ಲಿ ಒಂದಕ್ಕೂ ಟೆಂಡರ್ ಕರೆಯಲು ಬರುವುದಿಲ್ಲ, ಉದ್ಘಾಟನೆ ಮಾಡಲು ಬರುವುದಿಲ್ಲ, ಫ್ಲೆಕ್ಸಿನಲ್ಲಿ ಫೋಟೋ ಹಾಕಿಸಲು ಬರುವುದಿಲ್ಲ. ನಡೆಯುವುದಾದರೂ ಹೇಗೆ!

ಪ್ರಿನ್ಸಿಪಾಲರು ಪತ್ರವನ್ನು ಮೇಲಿಂದ ಕೆಳಗೆ ಓದಿದರು. ಮುಂದಿನ ಬೆಂಚು ರ‍್ಯಾಂಕ್ ಸ್ಟೂಡೆಂಟ್ಸಿಗೆ, ಇವನನ್ನು ಅಲ್ಲಿ ಕೂರಿಸಿದರೆ ಅವರ ತಂದೆತಾಯಿ ಬಂದು ಗಲಾಟೆ ಮಾಡುತ್ತಾರೆ. ಚಾಕ್‌ಪೀಸು ತರುವುದು ಆಯಾ ಕೆಲಸ. ಒಂದೊಂದಾಗಿ ಹೇಳುತ್ತಾ ಕೂತರೆ ಪೋರ್ಷನ್ ಮುಗಿಸುವವರು ಯಾರು? ಎಲ್ಲ ಹೇಳಿ ಮುಗಿಸಿ, ನಿರಾಸೆ ಮಾಡಬಾರದು ಎಂದು ಡ್ರಾಯರಿನಿಂದ ಒಂದು ಬಣ್ಣದ ಪಾಂಪ್ಲೆಟ್ ತೆಗೆದುಕೊಟ್ಟರು. ಮುಂದಿನ ತಿಂಗಳಿಂದ ಶಾಲೆಯಲ್ಲೇ ಏಕಾಗ್ರತೆ ಕ್ಲಾಸು, ಬೆಂಗಳೂರಿನಿಂದ ಟ್ರೈನರ್ ಬರುತ್ತಾರೆ, ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆ ಕಾಲ ಮಕ್ಕಳು ಕಣ್ಣು ಮುಚ್ಚಿ ಅಲುಗಾಡದೆ ಕೂರಬೇಕು. ಫೀಸು ಮುಂಗಡ, ವಾಪಸ್ ಇಲ್ಲ.